ಬ್ರಿಸ್ಟಲ್ ನೈಟ್ ರೇಸ್: ಅಗ್ಗದ ಟಿಕೆಟ್ ಹಿಡಿಯುವ ಮೊದಲು ಸಾಲು ನೋಡಿ

ಕ್ರಿಕೆಟ್ ಮ್ಯಾಚಿನ ಹಾಗೆ ಹತ್ತಿರ ಕೂತಷ್ಟೂ ಚೆನ್ನ ಅಂದುಕೊಂಡು ನಾನು, ನಮ್ಮ ಭಾವ ಎಂಟನೇ ಸಾಲಿನ ಟಿಕೆಟ್ ತಗೊಂಡೆವು. ಆ ತಪ್ಪು ನೀವು ಮಾಡಬೇಡಿ. ಅಮೆರಿಕದ ಕಾರ್ ರೇಸ್ ಆದ ನ್ಯಾಸ್ಕಾರಿನಲ್ಲಿ ಮುಂದಿನ ಸಾಲೇ ಗಾಂಧಿ ಕ್ಲಾಸ್.

ಟೆನಿಸಿ ರಾಜ್ಯದ ಬ್ರಿಸ್ಟಲ್ ಊರಿನ ಈ ಟ್ರ್ಯಾಕ್ ಒಂದು ಸುತ್ತಿಗೆ 0.533 ಮೈಲಿ ಅಷ್ಟೇ. ಕಾಂಕ್ರೀಟು, ತಿರುವುಗಳಲ್ಲಿ ಗೋಡೆಯ ಹಾಗೆ ಓರೆ. ಹದಿನಾರು ಸೆಕೆಂಡಿಗೆಲ್ಲ ಕಾರು ಮತ್ತೆ ನಿಮ್ಮ ಮುಂದಿರುತ್ತೆ. ಕೆಳಗೆ ಕೂತರೆ ಆಚೆ ಬದಿ ಕಾಣೋದೇ ಇಲ್ಲ, ಟ್ರ್ಯಾಕಿನ ನಡುವೆ ನಿಂತ ತಂಡಗಳ ಲಾರಿಗಳೇ ಅಡ್ಡ. ಟೈರ್ ಸವೆದು ಹಾರುವ ರಬ್ಬರ್ ಚೂರು ಕೂದಲಲ್ಲಿ, ಕಾಲರ್ ಒಳಗೆ, ನಾವು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನದಲ್ಲಿ! ಸಾಸಿವೆ ಅಂತ ಬಾಯಿಗಿಟ್ಟ ಭಾವ ಉಗಿದರು. ಎಷ್ಟು ಮೇಲೆ ಸಿಗುತ್ತೋ ಅಷ್ಟು ಮೇಲೆ ಕೂರಿ.

ಸದ್ದಿನ ವಿಷಯದಲ್ಲಿ ಉಡಾಫೆ ಬೇಡ, ಮಕ್ಕಳಿದ್ದರೆ ಖಂಡಿತ ಬೇಡ. ಕಿವಿಗೆ ಇಯರ್‌ಪ್ಲಗ್, ಅದರ ಮೇಲೆ ಹೆಡ್‌ಸೆಟ್. ತಂಡಗಳ ರೇಡಿಯೊ ಮಾತು ಕೇಳಿಸುವ ಸ್ಕ್ಯಾನರ್ ಬಾಡಿಗೆಗೆ ಸಿಗುತ್ತೆ, ತಗೊಳ್ಳಿ. ಅದಿಲ್ಲದಿದ್ದಾಗ ನನಗೆ ಬರೀ ಗುಡುಗು. ಹಾಕಿಕೊಂಡ ಮೇಲೆ, ಎತ್ತರದಲ್ಲಿ ನಿಂತು ಡ್ರೈವರಿಗೆ ರೇಡಿಯೊದಲ್ಲಿ ದಾರಿ ಹೇಳುವ ಸ್ಪಾಟರ್ 'ಇನ್‌ಸೈಡ್, ಇನ್‌ಸೈಡ್... ಕ್ಲಿಯರ್' (ಒಳಬದಿಗೆ ಕಾರಿದೆ... ಈಗ ಖಾಲಿ) ಅನ್ನೋದು ಕೇಳಿಸಿತು. ಡ್ರೈವರಿಗೆ ಪಕ್ಕದ ಕಾರು ಸರಿಯಾಗಿ ಕಾಣದು, ಈ ದನಿಯನ್ನು ನಂಬಿಯೇ ಆತ ನುಗ್ಗುತ್ತಾನೆ. ಅಲ್ಲಿಂದ 500 ಸುತ್ತೂ ನನಗೆ ಸಾಲಲಿಲ್ಲ.

ರೇಸನ್ನು ಸ್ಟೇಜ್ ಅನ್ನುವ ಭಾಗಗಳಾಗಿ ಒಡೆದಿರುತ್ತಾರೆ. 125ನೇ ಸುತ್ತಿಗೆ ಮೊದಲ ಸ್ಟೇಜ್ ಮುಗಿದು, ಕಾರುಗಳು ನಿಧಾನಿಸಲಿ ಅಂತ ಹಳದಿ ಬಾವುಟ ಬಂದಾಗ ಇಡೀ ಸ್ಟ್ಯಾಂಡೇ ಶೌಚಾಲಯಕ್ಕೆ ಏಳುತ್ತೆ. ನೀವು ನೂರಕ್ಕೇ ಎದ್ದುಬಿಡಿ.

ನಮಗೆ ಮೋಸ ಆದದ್ದು ಪಾರ್ಕಿಂಗಲ್ಲಿ. ರಸ್ತೆ ಬದಿ ಹುಲ್ಲುಗಾವಲಿನವನೊಬ್ಬ 'ಹತ್ತೇ ನಿಮಿಷದ ನಡಿಗೆ' ಅಂತ ನಲವತ್ತು ಡಾಲರ್ ಇಸಕೊಂಡ. ನಡೆದದ್ದು ಮುಕ್ಕಾಲು ಗಂಟೆ, ಏರುದಾರಿ. ರಾತ್ರಿ ವಾಪಸ್ ಬಂದರೆ ನಮ್ಮ ಹಿಂದೆ ಮೂರು ಸಾಲು ಕಾರು, ದಾರಿ ಬಿಡಿಸೋಕೆ ಒಬ್ಬರೂ ಇಲ್ಲ. ಗದ್ದೆ ದಾಟಿ ರಸ್ತೆ ಸೇರಿದಾಗ ಎರಡು ಗಂಟೆ. ದುಡ್ಡು ಕೊಡುವ ಮೊದಲು ಮ್ಯಾಪಲ್ಲಿ ದೂರ ನೋಡಿ, ಕಾರಿನ ಮೂತಿ ರಸ್ತೆ ಕಡೆಗಿಡಿ.

ಊಟಕ್ಕೆ ಮಾತ್ರ ಊರೊಳಗೆ ಹೋಗಿ. ಸ್ಟೇಟ್ ಸ್ಟ್ರೀಟಿನ ನಡುವೆಯೇ ಗಡಿ, ಒಂದು ಬದಿ ಟೆನಿಸಿ, ಇನ್ನೊಂದು ಬದಿ ವರ್ಜೀನಿಯಾ. ಅದರ ಹಿಂದಿನ ಓಣಿಯಲ್ಲಿ ಆರು ಮೇಜಿನ ಹೋಟೆಲು. ಪಿಂಟೋ ಕಾಳಿನ ಗಟ್ಟಿ ಸಾರು, ಹಸಿ ಈರುಳ್ಳಿ, ಬಾಣಲೆಯಿಂದ ಆಗಷ್ಟೇ ಎತ್ತಿದ ಜೋಳದ ಬ್ರೆಡ್ಡು, ತಳ ಸೀದು ಗರಿಗರಿ. ಸಾಮಾನ್ಯವಾಗಿ ಈ ಸಾರಿಗೆ ಹಂದಿಮಾಂಸ ಹಾಕುತ್ತಾರೆ, ಸಸ್ಯಾಹಾರಿಗಳು ಕೇಳಲೇಬೇಕು. ನಾವು ಕೇಳಿದ್ದಕ್ಕೆ ಬಡಿಸುತ್ತಿದ್ದ ಅಜ್ಜಿ ಪಾತ್ರೆ ಮುಚ್ಚಿ, ಒಳಗಿಂದ ಬೇರೆಯದೇ ತಂದರು. ಇಬ್ಬರಿಗೂ ಸೇರಿ ಹದಿನಾಲ್ಕು ಡಾಲರ್. ಭಾವ ಎರಡನೇ ಸಲ ಹಾಕಿಸಿಕೊಂಡದ್ದಕ್ಕೆ ಅಜ್ಜಿ ದುಡ್ಡೇ ಹಿಡಿಯಲಿಲ್ಲ.