ಹಳೇ ಎಸ್ಟೀಮ್‌ಗೆ ಹೊಸ ಹೆಡರ್

ನನ್ನ ಮಾರುತಿ ಎಸ್ಟೀಮ್ ಕಾರಿಗೆ ಹೆಡರ್ (ಎಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ಪೈಪುಗಳ ಸೆಟ್) ಹಾಕ್ತಿದ್ದೀನಿ ಅಂದ ತಕ್ಷಣ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ. "ಎಷ್ಟು ಪವರ್ ಜಾಸ್ತಿ ಆಗುತ್ತೆ ಮೇಡಂ?" ಜಾಸ್ತಿ ಏನಿಲ್ಲ. 1298 ಸಿಸಿ ಎಂಜಿನ್. ಕಂಪನಿ ಹೇಳಿದ್ದೇ 85 ಬಿಎಚ್‌ಪಿ, ಅದೂ 2004ರಲ್ಲಿ ಗಾಡಿ ಹೊಸದಿದ್ದಾಗ. ವಾಲ್ವ್ ತೆರೆಯುವ ಕ್ಯಾಮ್ ಹಾಗೇ ಇದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹಾಗೇ ಇದೆ. ಬರೀ ಪೈಪ್ ಬದಲಾಯಿಸಿದರೆ ಕುದುರೆಗಳು ಎಲ್ಲಿಂದ ಬರಬೇಕು?

ನನ್ನ ಕಾರಣ ಬೇರೆ. ಹೆಡರ್ ಜಾಗದಲ್ಲಿ ಕಂಪನಿ ಹಾಕಿದ್ದ ಹಳೇ ಬೀಡುಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು. ಬಿಸಿಯಾದ ಮೇಲೆ ಕಬ್ಬಿಣ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತಿತ್ತು, ಸದ್ದೂ ನಿಲ್ಲುತ್ತಿತ್ತು. ಒಂದು ಗ್ಯಾರೇಜಿನವರು ಇದನ್ನು ಟ್ಯಾಪೆಟ್ (ವಾಲ್ವ್ ತಳ್ಳುವ ಭಾಗ) ಸದ್ದು ಅಂದರು, ಸೆಟ್ಟಿಂಗ್ ಮಾಡಿ ದುಡ್ಡೂ ತಗೊಂಡರು. ಸದ್ದು ಹಾಗೇ ಇತ್ತು. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಕೇಳಿದರು. "ಟ್ಯಾಪೆಟ್ ಅಲ್ಲ ಕಣಮ್ಮ, ಎಕ್ಸಾಸ್ಟ್ ಲೀಕು."

ಬೀಡುಕಬ್ಬಿಣಕ್ಕೆ ವೆಲ್ಡಿಂಗ್ ಮಾಡಿಸಬಹುದು. ಆದರೆ ನಿಕ್ಕಲ್ ರಾಡ್ ಬೇಕು, ಇಡೀ ಪೀಸನ್ನು ಮೊದಲೇ ಕಾಯಿಸಬೇಕು, ಆಮೇಲೆ ನಿಧಾನವಾಗಿ ಆರಲು ಬಿಡಬೇಕು. ಇಷ್ಟೆಲ್ಲ ಮಾಡಿದರೂ ವೆಲ್ಡಿಂಗ್ ಪಕ್ಕದಲ್ಲೇ ಮತ್ತೆ ಸೀಳುವ ಸಾಧ್ಯತೆ ಇದೆ. ಗುಜರಿಯಲ್ಲಿ ಸಿಕ್ಕ ಮ್ಯಾನಿಫೋಲ್ಡಿನಲ್ಲೂ ಅದೇ ಜಾಗದಲ್ಲಿ ಗೆರೆ! ಎಸ್ಟೀಮ್ ತಯಾರಿ 2007ರಲ್ಲೇ ನಿಂತಿದೆ, ಹೊಸದಕ್ಕೆ ಎಷ್ಟು ಅಂತ ಅಲೆಯೋದು? ಬೆಂಗಳೂರಿನ ಜೆಸಿ ರೋಡಿನಿಂದ ಸ್ಟೇನ್‌ಲೆಸ್ ಸ್ಟೀಲ್ ಹೆಡರ್ ತಂದೆ.

ತಂದದ್ದು 4-2-1 ಹೆಡರ್. ಅಂದರೆ ನಾಲ್ಕು ಪೈಪು ಎರಡಾಗಿ, ಎರಡು ಒಂದಾಗುತ್ತದೆ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ನಾಲ್ಕು ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2. ಹಾಗಾಗಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಜೋಡಿಯೊಳಗೆ ಒಂದರ ಹೊಗೆಗೂ ಇನ್ನೊಂದರ ಹೊಗೆಗೂ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತಿನ ಅಂತರ ಇರುತ್ತದೆ, ಒಂದಕ್ಕೊಂದು ಅಡ್ಡ ಬರೋದಿಲ್ಲ. ಹೈವೇ ಪಕ್ಕ ನಿಂತಾಗ ಬಸ್ಸು ಹೋದ ಮೇಲೆ ಅದರ ಹಿಂದೆ ಗಾಳಿ ಎಳೆಯುತ್ತದಲ್ವಾ, ಹಾಗೆ ಮುಂದೆ ಹೋದ ಹೊಗೆ ಹಿಂದಿನದನ್ನು ಎಳೆಯುತ್ತದೆ. ನಾಲ್ಕೂ ಪೈಪು ನೇರವಾಗಿ ಒಂದೇ ಕಡೆ ಸೇರುವ ಹೆಡರ್‌ಗಳು ಸಾಮಾನ್ಯವಾಗಿ ಮೇಲಿನ ಆರ್‌ಪಿಎಂಗೆ (ಎಂಜಿನ್ ಜೋರಾಗಿ ಸುತ್ತುವಾಗ) ಚೆನ್ನ. ಊರೊಳಗೆ ಓಡಿಸುವವರಿಗೆ ನಡುವಿನ ಆರ್‌ಪಿಎಂನಲ್ಲಿ ಗಾಡಿಯ ಎಳೆತ ಮುಖ್ಯ. ಅಂಗಡಿಯವರು ದಪ್ಪ ಪೈಪಿನದು ತೋರಿಸಿ "ಇದು ರೇಸಿಂಗ್ ಐಟಂ" ಅಂದರು. ದಪ್ಪ ಪೈಪಿನಲ್ಲಿ ಹೊಗೆಯ ವೇಗ ಇಳಿಯುತ್ತದೆ, ಕಡಿಮೆ ಆರ್‌ಪಿಎಂನ ಎಳೆತ ಹೋಗುತ್ತದೆ. ನಮ್ಮ ತುಮಕೂರಿನ ಬಿಎಚ್ ರೋಡಿನ ಟ್ರಾಫಿಕ್‌ನಲ್ಲಿ ನನಗ್ಯಾಕೆ ರೇಸಿಂಗ್ ಐಟಂ?

ಬಿಚ್ಚುವ ಕೆಲಸದಲ್ಲಿ ಭಯ ಇರೋದು ಸ್ಟಡ್‌ಗಳದ್ದು, ಅಂದರೆ ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಹಿಡಿದಿಡುವ ತಲೆಯಿಲ್ಲದ ಬೋಲ್ಟ್‌ಗಳದ್ದು. ಅವು ಕೂತಿರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು, ಇಪ್ಪತ್ತು ವರ್ಷದ ಬಿಸಿ. ಹಿಂದಿನ ದಿನವೇ ಡಬ್ಲ್ಯುಡಿ-40 ಹೊಡೆದು ಬಿಟ್ಟಿದ್ದೆ. 12ನೇ ನಂಬರ್ ಸಾಕೆಟ್ ಹಾಕಿ, ಸ್ವಲ್ಪ ಬಿಚ್ಚು, ಮತ್ತೆ ಸ್ವಲ್ಪ ಬಿಗಿ, ಮತ್ತೆ ಬಿಚ್ಚು. ಕಿರ್ ಅಂತ ಸದ್ದು ಬಂದರೆ ಒಳ್ಳೇದು. ಸದ್ದಿಲ್ಲದೆ ಮೆತ್ತಗೆ ತಿರುಗಿತೋ, ಸ್ಟಡ್ ತಿರುಚಿಕೊಳ್ಳುತ್ತಿದೆ ಅಂತಲೇ ಲೆಕ್ಕ. ಡ್ರೈವರ್ ಕಡೆಯ ಕೊನೇದು ಹಾಗೇ ಮೆತ್ತಗೆ ತಿರುಗಿ ಮುರಿಯಿತು.

ಡ್ರಿಲ್ ಹೊಡೆಯೋಣ ಅಂದೆ. ಅಪ್ಪ ಬೇಡ ಅಂದರು. ಬಿಟ್ ಒಂಚೂರು ಜಾರಿದರೂ ಉಕ್ಕು ಬಿಟ್ಟು ಮೆತ್ತಗಿರುವ ಅಲ್ಯೂಮಿನಿಯಂ ಕಡೆ ಹೋಗುತ್ತದೆ, ಆಮೇಲೆ ಥ್ರೆಡ್ಡೇ ಇರೋದಿಲ್ಲ. ಪರಿಚಯದ ವೆಲ್ಡರ್ ಮನೆಗೇ ಬಂದರು. ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು, ಅದರ ತೂತಿನೊಳಗೆ ವೆಲ್ಡ್ ತುಂಬಿಸಿದರು. ಕೆಂಪಗಾದದ್ದು ಕಪ್ಪಾಗುವವರೆಗೂ ಕಾದು ಸ್ಪ್ಯಾನರ್ ಹಾಕಿದರು. ಕಾದು ಆರುವಾಗ ಸ್ಟಡ್ ಕುಗ್ಗಿ ತುಕ್ಕಿನ ಹಿಡಿತ ಬಿಡುತ್ತದೆ. ಕಾಲು ಸುತ್ತು ಗಟ್ಟಿ, ಆಮೇಲೆ ಬೆರಳಲ್ಲೇ ಬಂತು. ಅವರು ದುಡ್ಡು ಬೇಡ ಅಂದರು, ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಒಪ್ಪಿದರು.

ಹೊಸ ಹೆಡರ್‌ನ ಫ್ಲ್ಯಾಂಜ್ (ಎಂಜಿನ್ನಿಗೆ ಒತ್ತಿ ಕೂರುವ ಪಟ್ಟಿ) ನೋಡೋಕೆ ಕನ್ನಡಿ ಥರ ಇತ್ತು. ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದೆ ಟಾರ್ಚ್ ಹಿಡಿದರೆ ಎರಡೂ ತುದಿಯಲ್ಲಿ ಬೆಳಕು. ಪೈಪುಗಳನ್ನು ಒಂದೇ ಮಗ್ಗುಲಿಗೆ ವೆಲ್ಡ್ ಮಾಡಿರುತ್ತಾರೆ, ವೆಲ್ಡ್ ಆರುವಾಗ ಕುಗ್ಗಿ ಪಟ್ಟಿಯನ್ನು ಬಾಗಿಸುತ್ತದೆ. ಇಂಥದ್ದನ್ನು ನಟ್ ಬಿಗಿದು ಕೂರಿಸಿದರೆ ಹೊಸ ಗ್ಯಾಸ್ಕೆಟ್ ಇದ್ದರೂ ಲೀಕು. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿದೆ. ಹೆಡರ್ ಹಾಕಿಸುವವರು ಯಾರೇ ಆಗಲಿ, ದುಡ್ಡು ಖರ್ಚು ಮಾಡೋದಾದರೆ ಇಲ್ಲಿ ಮಾಡಿ. ಮಿಂಚುವ ಪೈಪಿಗಿಂತ ಸಪಾಟಾದ ಫ್ಲ್ಯಾಂಜ್ ಮುಖ್ಯ.

ಲೀಕು ಅಂದರೆ ಬರೀ ಸದ್ದಲ್ಲ. ಆಕ್ಸಿಜನ್ ಸೆನ್ಸರ್‌ಗಿಂತ ಮೊದಲು ತೂತಿದ್ದರೆ, ಹೊಗೆಯ ಎರಡು ಬಡಿತಗಳ ನಡುವೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸೆನ್ಸರ್‌ಗೆ ಆಕ್ಸಿಜನ್ ಜಾಸ್ತಿ ಕಾಣುತ್ತದೆ, ಪೆಟ್ರೋಲ್ ಕಮ್ಮಿ ಆಯ್ತು ಅಂತ ಇಸಿಯು ಲೆಕ್ಕ ಹಾಕಿ ಸುಮ್ನೆ ಜಾಸ್ತಿ ಸುರಿಯುತ್ತದೆ. ಹಳೇ ಬಿರುಕಿನ ಕಾಲದಲ್ಲಿ ಮೈಲೇಜ್ ಯಾಕೆ ಬಿದ್ದಿತ್ತು ಅಂತ ಆಗ ತಿಳಿಯಿತು.

ಕೂರಿಸುವಾಗ ರೇಡಿಯೇಟರ್ ಫ್ಯಾನ್ ಅಡ್ಡ ಬಂತು. ಈ ಎಂಜಿನ್ನಿನ ಎಕ್ಸಾಸ್ಟ್ ಮುಂದಕ್ಕೇ ಇದೆ, ನಡುವಿನ ಎರಡು ಪೈಪು ಫ್ಯಾನ್ ಮೋಟರ್‌ಗೆ ಒಂದು ಬೆರಳಿನಷ್ಟು ಹತ್ತಿರ. ನಿಂತಿದ್ದಾಗ ಆ ಜಾಗ ಸಾಕು ಅನ್ನಿಸುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಅಡ್ಡ ಕೂತ ಎಂಜಿನ್ ಹಿಂದೆ ಮುಂದೆ ತೂಗುತ್ತದೆ, ಲೆಕ್ಕ ಹಾಕಬೇಕಾದ್ದು ಆಗಿನ ಜಾಗವನ್ನ. ಹಳೇ ಹೀಟ್ ಶೀಲ್ಡ್ ಕತ್ತರಿಸಿ ಮೋಟರ್ ಮುಂದೆ ಕೂರಿಸಿದೆ. ಅದೇ ತೂಗಾಟಕ್ಕೆ ಕೆಳಗೊಂದು ಬಳುಕುವ ಫ್ಲೆಕ್ಸ್ ಪೈಪ್ ಕೂಡ ಹಾಕಿಸಿದೆ, ಇಲ್ಲದಿದ್ದರೆ ಹೆಡರ್‌ನ ವೆಲ್ಡಿಂಗೇ ಒಂದಿನ ಸೀಳುತ್ತದೆ.

ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿದೆವು. ಸ್ಟಾರ್ಟ್ ಮಾಡಿದಾಗ ಮೊದಲು ಬರೀ ಎಣ್ಣೆ ಸುಟ್ಟ ಹೊಗೆ. ಅದು ನಿಂತ ಮೇಲೆ ಅಪ್ಪ ಊದುಬತ್ತಿ ಹಚ್ಚಿ ಫ್ಲ್ಯಾಂಜ್ ಉದ್ದಕ್ಕೂ ನಿಧಾನ ತಂದರು. ಬತ್ತಿಯ ಹೊಗೆ ಎಲ್ಲೂ ಹಾರಲಿಲ್ಲ. "ದೇವರಿಗೂ ಆಯ್ತು, ಗಾಡಿಗೂ ಆಯ್ತು" ಅಂದರು. ಕೆಲವು ಸಲ ಕಾದು ಆರಿದ ಮೇಲೆ ತಣ್ಣಗಿದ್ದಾಗ ಮತ್ತೆ ಬಿಗಿದೆವು. ಒಂದೆರಡು ನಟ್ ಸಡಿಲ ಆಗಿದ್ದವು. ಹೊಸ ಗ್ಯಾಸ್ಕೆಟ್ ಬಿಸಿಗೆ ಕೂತುಕೊಳ್ಳುತ್ತದೆ, ಅದು ಮಾಮೂಲು.

ಓಡಿಸಿದ್ದು ದೇವರಾಯನದುರ್ಗಕ್ಕೆ. ಏರಿನಲ್ಲಿ ಮೂರನೇ ಗೇರು, 3000 ಆರ್‌ಪಿಎಂ ಹತ್ತಿರ, ಮೊದಲು ಎರಡಕ್ಕೆ ಇಳಿಸುತ್ತಿದ್ದ ತಿರುವಿನಲ್ಲಿ ಇಳಿಸದೆ ಹೋಯಿತು. ಆದರೆ ಇದರಲ್ಲಿ ಹೆಡರ್ ಪಾಲೆಷ್ಟು, ಲೀಕು ನಿಂತದ್ದರ ಪಾಲೆಷ್ಟು? ನನ್ನ ಪ್ರಕಾರ ಎರಡನೆಯದೇ ಜಾಸ್ತಿ. 2000ದ ಕೆಳಗೆ ಏನೂ ವ್ಯತ್ಯಾಸ ಇಲ್ಲ. ತೆಳು ಪೈಪಾದ್ದರಿಂದ ತಣ್ಣಗಿದ್ದಾಗ ಸ್ವಲ್ಪ ತಗಡಿನ ಸದ್ದು ಬರುತ್ತದೆ.

ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಸೈಲೆನ್ಸರ್ ಮುಟ್ಟಿಲ್ಲ. ಗಾಡಿಯ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲೋದೂ ಇದೆ. ಎಮಿಷನ್ ಟೆಸ್ಟ್ ಪಾಸಾಗಿದೆ.

ಈಗ ಉಳಿದಿರೋದು ಮುಂದಿನ ಎಂಜಿನ್ ಮೌಂಟ್. ರಬ್ಬರ್ ಸೀಳಿದೆ, ಎಂಜಿನ್ ಬೇಕಾದ್ದಕ್ಕಿಂತ ಜಾಸ್ತಿ ತೂಗುತ್ತಿದೆ. ಅಂಗಡಿಗಳಲ್ಲಿ ಸಿಗುತ್ತಿರೋದು ಡೂಪ್ಲಿಕೇಟು. ತುಮಕೂರು ಸುತ್ತಮುತ್ತ ಯಾರ ಹತ್ರವಾದರೂ ಒರಿಜಿನಲ್ ಇದ್ದರೆ ಹೇಳಿ, ನಾನೇ ಬಂದು ತಗೋತೀನಿ.