ಚಾವಿ ಜೇಬಿಗೆ, ಆಮೇಲೆ ಕಾಲು ನೆಲಕ್ಕೆ

ಭಾನುವಾರ, 19 ಜನವರಿ 2025
ಕೀವಿನಾ, ಮಿಷಿಗನ್

ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು. ಹೊರಗೆ ಒಂದು ಸದ್ದೂ ಇರಲಿಲ್ಲ. ಇಲ್ಲಿ ಅಷ್ಟು ನಿಶ್ಶಬ್ದ ಇದೆ ಅಂದರೆ ರಾತ್ರಿ ಚೆನ್ನಾಗಿ ಹಿಮ ಬಿದ್ದಿದೆ ಅಂತಲೇ ಅರ್ಥ. ಬಾಗಿಲು ತೆಗೆದು ಕಟ್ಟೆಯ ಮೇಲೆ ಸ್ಕೇಲ್ ಇಟ್ಟು ನೋಡಿದೆ. 11 ಇಂಚು. ಥರ್ಮಾಮೀಟರ್ ಮೈನಸ್ 17 ತೋರಿಸುತ್ತಿತ್ತು.

ನಮ್ಮ ಯಜಮಾನರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆ. ಬರುವುದು ಬುಧವಾರ. ಮನೆಯಿಂದ ರಸ್ತೆಗೆ 200 ಅಡಿ ಗರಸಿನ ದಾರಿ ಇದೆ. ಅದನ್ನು ತೆರೆಯದಿದ್ದರೆ ನಮ್ಮ ಕಾರು ಹೊರಡುವುದಿಲ್ಲ. ನಾಳೆ ಯಾರಿಗಾದರೂ ಏನಾದರೂ ಆದರೆ ಆಂಬುಲೆನ್ಸ್ ಕೂಡ ಒಳಗೆ ಬರುವುದಿಲ್ಲ. ಗರಾಜಿಗೆ ಹೋಗಿ ಟ್ರ್ಯಾಕ್ಟರಿನ ಬ್ಲಾಕ್ ಹೀಟರ್ ಪ್ಲಗ್ ಹಾಕಿ ಬಂದೆ. ಇಂಥ ಚಳಿಯಲ್ಲಿ ಎರಡು ಗಂಟೆಯಾದರೂ ಇಂಜಿನ್ ಬೆಚ್ಚಗಾಗಬೇಕು. ಟ್ಯಾಂಕಿನಲ್ಲಿ ಇರುವುದು ಚಳಿಗಾಲದ ಡೀಸೆಲ್. ಬೇಸಿಗೆಯ ಡೀಸೆಲ್ ಉಳಿದಿದ್ದರೆ ಈ ಹೊತ್ತಿಗೆ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಂಡಿರುತ್ತಿತ್ತು.

ಊರಿನವರು ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, ಅಲ್ಲಿ ಅಷ್ಟೊಂದು ಹಿಮ ಯಾಕೆ ಅಂತ. ಕೆನಡಾ ಕಡೆಯಿಂದ ಬರುವ ಒಣ ಚಳಿಗಾಳಿ ಸುಪೀರಿಯರ್ ಸರೋವರದ ಮೇಲೆ ಹಾದು ಬರುತ್ತದೆ. ನೀರು ಗಾಳಿಗಿಂತ ಬೆಚ್ಚಗಿರುತ್ತದೆ. ಗಾಳಿ ಅದರ ತೇವ ಹೀರಿಕೊಂಡು ನಮ್ಮ ಗುಡ್ಡ ಹತ್ತುವಾಗ ಎಲ್ಲವನ್ನೂ ಇಲ್ಲೇ ಸುರಿಯುತ್ತದೆ. ನಮ್ಮ ಮಲೆನಾಡಿನ ಮಳೆಯ ಹಾಗೆಯೇ, ಅಲ್ವಾ? ಇಲ್ಲಿ ಹೆದ್ದಾರಿಯ ಪಕ್ಕ ಹಿಮದ ಅಳತೆ ತೋರಿಸುವ ದೊಡ್ಡ ಕಂಬ ನಿಲ್ಲಿಸಿದ್ದಾರೆ. 1978-79ರ ಚಳಿಗಾಲದ ದಾಖಲೆ ಅದರ ಮೇಲಿದೆ, 390.4 ಇಂಚು. ಅಂದರೆ 32 ಅಡಿಗೂ ಜಾಸ್ತಿ. ಮೊದಲ ಸಲ ಅದರ ಕೆಳಗೆ ನಿಂತು ತಲೆ ಎತ್ತಿ ನೋಡಿದ ದಿನವೇ ಸಲಿಕೆಯಿಂದ ಈ ಊರಲ್ಲಿ ಬದುಕು ಸಾಗುವುದಿಲ್ಲ ಅಂತ ಗೊತ್ತಾಯಿತು.

ನಮ್ಮದು 30 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್. ಹಿಂದೆ ಐದು ಅಡಿ ಅಗಲದ ಸ್ನೋಬ್ಲೋವರ್, ಹಿಮ ಎಸೆಯುವ ಮಷಿನ್. ಬ್ಲೋವರಿನ ಬಾಯಲ್ಲಿ ಸುರುಳಿ ಸುರುಳಿಯಾದ ಆಗರ್ ಹಿಮವನ್ನು ಕಡಿದು ನಡುವಿಗೆ ಎಳೆಯುತ್ತದೆ. ಅದರ ಹಿಂದೆ ಇರುವ ಫ್ಯಾನ್ ಆ ಹಿಮವನ್ನು ಕೊಳವೆಯ ಮೂಲಕ ದೂರಕ್ಕೆ ಎಸೆಯುತ್ತದೆ. ಎರಡಕ್ಕೂ ಶಕ್ತಿ ಬರುವುದು ಪಿಟಿಒ ಶಾಫ್ಟಿನಿಂದ, ಅಂದರೆ ಟ್ರ್ಯಾಕ್ಟರ್ ಇಂಜಿನ್ನಿನ ಶಕ್ತಿಯನ್ನು ಹಿಂದೆ ಕಟ್ಟಿದ ಮಷಿನ್‌ಗೆ ದಾಟಿಸುವ ತಿರುಗುವ ದಂಡದಿಂದ. ನಿಮಿಷಕ್ಕೆ 540 ಸುತ್ತು, ಸೆಕೆಂಡಿಗೆ 9. ರಾಣೆಬೆನ್ನೂರಿನ ಹತ್ತಿರದ ನಮ್ಮ ಹೊಲದಲ್ಲಿ ರೋಟಾವೇಟರ್ ತಿರುಗಿಸಿದ್ದೂ ಮೆಕ್ಕೆಜೋಳದ ಮಷಿನ್ ಓಡಿಸಿದ್ದೂ ಇದೇ 540. ದೇಶ ಬೇರೆ, ಬೆಳೆ ಬೇರೆ, ಶಾಫ್ಟ್ ಮಾತ್ರ ಅದೇ.

ಆ ಶಾಫ್ಟ್ ನೋಡಿದಾಗೆಲ್ಲ ನನಗೆ ದೊಡ್ಡಪ್ಪ ನೆನಪಾಗುತ್ತಾರೆ. 1997ರಲ್ಲಿ ದೀಪಾವಳಿ ಆದ ಮೇಲೆ ಕಣದಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದರು. ನನಗಾಗ ಹತ್ತು ವರ್ಷ. ಮಷಿನ್ ಸುತ್ತಿ ಹೋದರೆ ಹತ್ತು ಹೆಜ್ಜೆ. ದೊಡ್ಡಪ್ಪ ಅಷ್ಟನ್ನು ಉಳಿಸಲು ತಿರುಗುತ್ತಿದ್ದ ಶಾಫ್ಟ್ ದಾಟಿದರು. ಧೋತರದ ಚುಂಗು ಸಿಕ್ಕಿತು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಅವರು ನೆಲದ ಮೇಲಿದ್ದರು. ಹಳೆಯ ಧೋತರ, ಹರಿದು ಹೋಯಿತು. ಅದಕ್ಕೇ ಜೀವ ಉಳಿಯಿತು. ಎಡಗಾಲು ಎರಡು ಕಡೆ ಮುರಿದಿತ್ತು. ಸಾಯುವವರೆಗೂ ಕುಂಟುತ್ತಲೇ ನಡೆದರು. ಆಮೇಲೆ ದೊಡ್ಡವಳಾಗಿ ಲೆಕ್ಕ ಹಾಕಿದೆ. ಮೂರೂವರೆ ಇಂಚು ದಪ್ಪದ ಜಾಯಿಂಟ್ ಸೆಕೆಂಡಿಗೆ 9 ಸುತ್ತು ತಿರುಗಿದರೆ ಒಂದು ಸೆಕೆಂಡಿನಲ್ಲಿ ಎರಡು ಮೀಟರಿಗೂ ಜಾಸ್ತಿ ಬಟ್ಟೆ ಸುತ್ತಿಕೊಳ್ಳುತ್ತದೆ. 'ಅಯ್ಯೋ' ಅನ್ನುವುದಕ್ಕೂ ಸಮಯ ಸಿಗುವುದಿಲ್ಲ.

ಹಾಗಾಗಿ ಈ ಮಷಿನ್ ಮನೆಗೆ ಬಂದಾಗ ನಾನು ಮೊದಲು ನೋಡಿದ್ದು ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ. ಶಾಫ್ಟ್ ತಿರುಗಿದರೂ ಕವಚ ತಿರುಗಬಾರದು. ಅದಕ್ಕೆ ಎರಡು ತುದಿಯಲ್ಲೂ ಸಣ್ಣ ಸರಪಳಿ ಇರುತ್ತದೆ. ನಮ್ಮದು ಸೆಕೆಂಡ್ ಹ್ಯಾಂಡ್. ಕವಚ ಸೀಳಿತ್ತು, ಒಂದು ಸರಪಳಿ ಇರಲೇ ಇಲ್ಲ. ಮಾರಿದವರು "ಅದೇನೂ ಬೇಕಾಗಲ್ಲ" ಅಂದರು. ಬೇಕು. ಹೊಸದು ತರಿಸಿ ಹಾಕಿದ ಮೇಲೆಯೇ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿದ್ದು.

ಕಟ್ಟುವ ಕೆಲಸ ಅಕ್ಟೋಬರಿನಲ್ಲೇ, ನೆಲ ಒಣಗಿರುವಾಗ ಮುಗಿಸಬೇಕು. ಮೊದಲ ವರ್ಷ ಶಾಫ್ಟಿನ ಉದ್ದ ಸರಿ ಮಾಡಲು ಒಂದು ಇಡೀ ಶನಿವಾರ ಹೋಯಿತು. ಒಂದರೊಳಗೊಂದು ಜಾರುವ ಎರಡು ಕೊಳವೆ ಅದು. ಬ್ಲೋವರ್ ಎತ್ತಿ ಇಳಿಸುವಾಗ ಅದರ ಉದ್ದ ಬದಲಾಗುತ್ತದೆ. ತೀರಾ ಕಡಿಮೆ ಉದ್ದಕ್ಕೆ ಬಂದಾಗಲೂ ತುದಿಯಲ್ಲಿ ಒಂದು ಇಂಚಾದರೂ ಜಾಗ ಉಳಿಯಬೇಕು. ಇಲ್ಲದಿದ್ದರೆ ಶಾಫ್ಟ್ ಗೂಟದ ಹಾಗೆ ಒತ್ತಿ ಟ್ರ್ಯಾಕ್ಟರಿನ ಬೇರಿಂಗನ್ನೋ ಬ್ಲೋವರಿನ ಗೇರ್‌ಬಾಕ್ಸನ್ನೋ ಒಡೆಯುತ್ತದೆ. ತೀರಾ ಉದ್ದಕ್ಕೆ ಎಳೆದಾಗ ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು. ಇಲ್ಲದಿದ್ದರೆ ಕಳಚಿ ಬಡಿಯುತ್ತದೆ. ನಮ್ಮದು ಉದ್ದ ಜಾಸ್ತಿ ಇತ್ತು. ಗುರುತು ಹಾಕಿ, ಎರಡು ಕೊಳವೆಯನ್ನೂ ಎರಡು ಕವಚವನ್ನೂ ಒಂದೇ ಅಳತೆ ಕತ್ತರಿಸಿ, ಅಂಚಿಗೆ ಅರ ಹಾಕಿ, ಗ್ರೀಸ್ ಸವರಿ ಜೋಡಿಸಿದೆ. ಜೋಡಿಸಿದ ಮೇಲೆ ಕೈಯಿಂದ ಗಟ್ಟಿಯಾಗಿ ಜಗ್ಗಿ ನೋಡಬೇಕು. ಲಾಕ್ ಕೂತಿದ್ದರೆ ಟಕ್ ಅನ್ನುತ್ತದೆ, ಎಳೆದರೂ ಬರುವುದಿಲ್ಲ.

ಹಿಂದೆ ಅಷ್ಟು ಭಾರ ನೇತು ಹಾಕಿದರೆ ಮುಂದಿನ ಚಕ್ರ ಹಗುರವಾಗುತ್ತವೆ, ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ನಮ್ಮ ಟ್ರ್ಯಾಕ್ಟರಿಗೆ ಮುಂದೆ ಲೋಡರ್ ಬಕೆಟ್ ಇದೆ. ಅದರ ಭಾರವೇ ಸಾಕಾಗುತ್ತದೆ. ಬಕೆಟ್ ನೆಲಕ್ಕೆ ಹತ್ತಿರ ಇಟ್ಟುಕೊಂಡು ಓಡಿಸುತ್ತೇನೆ. ಹಿಂದಿನ ಟೈರಿಗೆ ಸರಪಳಿ ಸುತ್ತಿದೆ. ತಲೆಯ ಮೇಲಿನ ರೋಲ್ ಬಾರ್ ಎತ್ತಿ ಪಿನ್ ಹಾಕಿರುತ್ತೇನೆ, ಸೀಟ್ ಬೆಲ್ಟ್ ಬಿಗಿಯುತ್ತೇನೆ. ರೋಲ್ ಬಾರ್ ಇದ್ದೂ ಬೆಲ್ಟ್ ಇಲ್ಲದಿದ್ದರೆ ಟ್ರ್ಯಾಕ್ಟರ್ ಮಗುಚಿದಾಗ ನಾವು ಅದರ ಕೆಳಗೇ ಬೀಳುತ್ತೇವೆ.

ಅಡಿಯಲ್ಲಿ ಎರಡು ಕಡೆ ಜಾರುಪಟ್ಟಿ ಇವೆ. ಕಾಂಕ್ರೀಟ್ ದಾರಿಯಾದರೆ ಬ್ಲೋವರನ್ನು ನೆಲಕ್ಕೆ ತಾಗುವಷ್ಟು ಇಳಿಸಬಹುದು. ನಮ್ಮದು ಗರಸು. ಒಂದೂಕಾಲು ಇಂಚು ಎತ್ತರಿಸಿ ಬಿಟ್ಟಿದ್ದೇನೆ. ಮೊದಲ ಎರಡು ಸಲದ ಹಿಮವನ್ನು ಕಾರಿನಿಂದಲೇ ತುಳಿಸಿ ಗಟ್ಟಿ ಮಾಡುತ್ತೇವೆ. ಅದು ಗರಸಿನ ಮೇಲೆ ಹೊದಿಕೆಯ ಹಾಗೆ ಕೂರುತ್ತದೆ. ಕಲ್ಲು ಒಳಗೆ ಹೋದರೆ ಗುಂಡಿನ ಹಾಗೆ ಹೊರಗೆ ಬರುತ್ತದೆ. ಕಿಟಕಿಯೂ ಉಳಿಯುವುದಿಲ್ಲ, ಎದುರಿಗಿದ್ದ ಕಣ್ಣೂ ಉಳಿಯುವುದಿಲ್ಲ. ದಾರಿಯ ಎರಡು ಅಂಚಿಗೆ ಕಿತ್ತಳೆ ಬಣ್ಣದ ಕೋಲು ನೆಡುವುದೂ ಅಕ್ಟೋಬರಿನ ಕೆಲಸವೇ. ನೆಲ ಹೆಪ್ಪುಗಟ್ಟಿದ ಮೇಲೆ ಸುತ್ತಿಗೆಯಿಂದ ಹೊಡೆದರೂ ಇಳಿಯುವುದಿಲ್ಲ.

ಇವತ್ತು ಏಳೂವರೆಗೆ ಹೊರಟೆ. ಇಲ್ಲಿ ಈಗ ಸೂರ್ಯ ಹುಟ್ಟುವುದೇ ಎಂಟೂವರೆಯ ಹೊತ್ತಿಗೆ. ಜಡೆ ಕೋಟಿನೊಳಗೆ, ಮಫ್ಲರ್ ಮನೆಯಲ್ಲೇ. ಕುತ್ತಿಗೆಗೆ ಬಿಗಿಯಾದ ಉಣ್ಣೆಯ ತೋಳಿನಂಥದು ಹಾಕುತ್ತೇನೆ, ಅದಕ್ಕೆ ಚುಂಗು ಇಲ್ಲ. ಗರಾಜಿನ ಬಾಗಿಲು ಪೂರ್ತಿ ತೆಗೆದ ಮೇಲೆ ಇಂಜಿನ್ ಚಾಲೂ ಮಾಡಿ, ತಕ್ಷಣ ಹೊರಗೆ ತಂದು, ಬಿಸಿಯಾಗಲು ಅಲ್ಲಿ ಬಿಡುತ್ತೇನೆ. ಒಳಗೆ ಬಿಟ್ಟರೆ ಹೊಗೆಯ ವಿಷ ಮನೆಯೊಳಗೂ ಬರುತ್ತದೆ, ವಾಸನೆಯಿಂದ ಅದು ಗೊತ್ತಾಗುವುದೂ ಇಲ್ಲ. ಆಮೇಲೆ ನಮ್ಮ ಮನೆಯ ಒಂದು ನಿಯಮ. ಮಗಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೈ ಎತ್ತಬೇಕು. ಅವಳ ಕೈ ಕಾಣದೆ ನಾನು ಪಿಟಿಒ ಹಾಕುವುದಿಲ್ಲ. ಅವಳಿಗೆ ಆರು ವರ್ಷ, ಈ ಕೆಲಸ ತನ್ನದು ಅಂತ ಹೆಮ್ಮೆ. ನಿದ್ದೆಗಣ್ಣಲ್ಲೇ ಬಂದು ನಿಂತಳು.

ಇಂಜಿನ್ ನಿಧಾನವಾಗಿರುವಾಗ ಪಿಟಿಒ ಹಾಕಿ, ಆಮೇಲೆ ಮೀಟರಿನಲ್ಲಿ 540ರ ಗುರುತಿಗೆ ಏರಿಸಬೇಕು. ಅಲ್ಲಿಂದ ಇಂಜಿನ್ ವೇಗ ಇಳಿಸಬಾರದು. ಹಿಮ ದಪ್ಪವಾದರೆ ಟ್ರ್ಯಾಕ್ಟರಿನ ನಡಿಗೆ ನಿಧಾನ ಮಾಡಬೇಕೇ ಹೊರತು ಫ್ಯಾನನ್ನಲ್ಲ. ಫ್ಯಾನ್ ನಿಧಾನವಾದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಕೊಳವೆ ಕಟ್ಟಿಕೊಂಡರೆ ಕೈ ಹಾಕುವ ಆಸೆ ಬರುತ್ತದೆ. ಈ ಮಷಿನ್‌ಗಳಿಂದ ಬೆರಳು ಕಳೆದುಕೊಳ್ಳುವುದು ಹೀಗೇ. ನಿಂತ ಹಾಗೆ ಕಾಣುವ ಫ್ಯಾನಿನಲ್ಲೂ ಬಿಗಿ ಉಳಿದಿರಬಹುದು. ಅಡಚಣೆ ತೆಗೆದ ಕ್ಷಣ ಅದು ಸರಕ್ಕನೆ ತಿರುಗುತ್ತದೆ.

ಇವತ್ತಿನ ಹಿಮ ಸಕ್ಕರೆಪುಡಿಯಂಥದು, ಚಳಿ ಜಾಸ್ತಿ ಇದ್ದಾಗ ಹಾಗೇ. ಸಲೀಸಾಗಿ 30 ಅಡಿ ಹಾರಿತು. ಗಾಳಿ ವಾಯವ್ಯದಿಂದ ಬೀಸುತ್ತಿತ್ತು. ಕೊಳವೆಯನ್ನು ಗಾಳಿ ಹೋಗುವ ಕಡೆಗೆ ತಿರುಗಿಸಿದೆ. ರಸ್ತೆಯ ಕಡೆಗೆ ಮಾತ್ರ ಎಸೆಯುವುದಿಲ್ಲ. ಈ ರಾಜ್ಯದಲ್ಲಿ ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಜನ ಓಡಾಡುತ್ತಾರೆ.

ಸೌದೆ ಒಟ್ಟಿದ ಜಾಗದ ಹತ್ತಿರ ಬಂದಾಗ ಧಡ್ ಅಂತ ಒಂದು ಸದ್ದು. ಆಮೇಲೆ ಫ್ಯಾನ್ ತಿರುಗುತ್ತಿದೆ, ಕೊಳವೆಯಿಂದ ಮಾತ್ರ ಏನೂ ಬರುತ್ತಿಲ್ಲ. ಆಗರಿಗೆ ಶಕ್ತಿ ದಾಟಿಸುವ ಶಿಯರ್ ಬೋಲ್ಟ್ ಹೋಗಿದೆ ಅಂತ ಆಗಲೇ ಗೊತ್ತಾಯಿತು. ಪಿಟಿಒ ತೆಗೆದೆ. ಬ್ಲೋವರ್ ನೆಲಕ್ಕೆ ಇಳಿಸಿದೆ. ಬ್ರೇಕ್ ಹಾಕಿದೆ. ಇಂಜಿನ್ ನಿಲ್ಲಿಸಿದೆ. ಚಾವಿ ತೆಗೆದು ಕೋಟಿನ ಜೇಬಿಗೆ ಹಾಕಿ ಜಿಪ್ ಎಳೆದೆ. ಆಮೇಲೆ ಇಳಿದೆ. ಟಾರ್ಚ್ ಹಿಡಿದು ಎಲ್ಲ ಪೂರ್ತಿ ನಿಂತಿದೆಯಾ ಅಂತ ನೋಡಿದೆ. ಒಂದು ಬರ್ಚ್ ಸೌದೆ ರಾಶಿಯಿಂದ ಜಾರಿ ಹಿಮದಡಿ ಹೂತು ಹೋಗಿತ್ತು. ಆಗರ್ ಮತ್ತು ತಗಡಿನ ನಡುವೆ ಸಿಕ್ಕಿಕೊಂಡಿತ್ತು. ಉದ್ದ ಕೋಲಿನಿಂದ ಎಬ್ಬಿಸಿ ತೆಗೆದೆ. ಕೈಯನ್ನು ಒಳಗೆ ಹಾಕಲಿಲ್ಲ.

ಈ ಬೋಲ್ಟ್ ಮುರಿಯುವುದಕ್ಕೇ ಇರುವುದು. ಅದು ಮುರಿದರೆ ಗೇರ್‌ಬಾಕ್ಸ್ ಉಳಿಯುತ್ತದೆ. ನಮ್ಮ ಮಷಿನ್ ಪುಸ್ತಕದಲ್ಲಿ ಗ್ರೇಡ್ 2 ಅಂತ ಬರೆದಿದೆ. ಅದರ ತಲೆಯ ಮೇಲೆ ಗೆರೆ ಇರುವುದಿಲ್ಲ. ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಇದ್ದರೆ ಗ್ರೇಡ್ 8. ಊರಲ್ಲಿ ರೋಟಾವೇಟರಿನ ಬೋಲ್ಟ್ ಪದೇಪದೇ ಮುರಿಯುತ್ತದೆ ಅಂತ ಅಪ್ಪ ಒಮ್ಮೆ ಗಟ್ಟಿ ಬೋಲ್ಟ್ ಹಾಕಿಸಿದ್ದರು. ಮುಂದಿನ ವಾರ ಹೊಲದಲ್ಲಿ ಬಂಡೆಗೆ ತಾಗಿತು. ಬೋಲ್ಟ್ ಹಾಗೇ ಇತ್ತು, ಗೇರ್‌ಬಾಕ್ಸ್ ಬಿರುಕು ಬಿಟ್ಟಿತ್ತು. ಆ ವರ್ಷದ ಬಿತ್ತನೆ ತಡವಾಯಿತು. ನಾನು ಸರಿಯಾದ ಬೋಲ್ಟ್ ಹತ್ತು ತಂದು, ಎರಡು ಸ್ಪ್ಯಾನರ್ ಜೊತೆ ಡಬ್ಬಿಯಲ್ಲಿ ಸೀಟಿನ ಕೆಳಗೆ ಇಟ್ಟಿದ್ದೇನೆ. ಕೈಗವಸು ಹಾಕಿಕೊಂಡೇ ಬದಲಿಸಲು ಏಳು ನಿಮಿಷ ಬೇಕಾಯಿತು.

ಕೊನೆಗೆ ರಸ್ತೆಯ ಬಾಯಿ. ರಸ್ತೆ ತೆರೆಯುವ ದೊಡ್ಡ ಲಾರಿ ಅಲ್ಲಿ ಮೂರು ಅಡಿಯ ಗೋಡೆ ಬಿಟ್ಟು ಹೋಗಿತ್ತು. ಅದು ಸಕ್ಕರೆಪುಡಿ ಅಲ್ಲ, ಉಪ್ಪು, ಮರಳು, ಮಂಜುಗಡ್ಡೆ ಸೇರಿದ ಗಾರೆ. ಜೋರಾಗಿ ಹೋಗಿ ಗುದ್ದಬಾರದು. ಬ್ಲೋವರಿನ ಅರ್ಧ ಅಗಲ ಮಾತ್ರ ಕೊಟ್ಟು, ಲೋ ಗೇರಿನಲ್ಲಿ, ತುತ್ತು ತುತ್ತಾಗಿ ತಿನ್ನಿಸಬೇಕು. ಹಿಂದಕ್ಕೆ ತಿರುಗಿ ನೋಡುತ್ತಲೇ ಓಡಿಸಬೇಕಾದ್ದರಿಂದ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಮಧ್ಯೆ ಒಮ್ಮೆ ನಿಲ್ಲಿಸಿ, ಚಾವಿ ತೆಗೆದು, ಒಳಗೆ ಹೋಗಿ ಚಹಾ ಕುಡಿದು ಬಂದೆ. ದಣಿದಾಗಲೇ ಅಲ್ವಾ ಹತ್ತು ಹೆಜ್ಜೆ ಉಳಿಸಬೇಕು ಅನ್ನಿಸುವುದು.

ಮುಗಿದ ಮೇಲೆ ಒಂದು ನಿಮಿಷ ಖಾಲಿ ಓಡಿಸಿ ಒಳಗಿನ ಹಿಮವನ್ನೆಲ್ಲ ಹೊರಗೆ ಹಾರಿಸಿದೆ. ಉಳಿದರೆ ಫ್ಯಾನ್ ತಗಡಿಗೆ ಅಂಟಿ ಹೆಪ್ಪುಗಟ್ಟುತ್ತದೆ, ಮರುದಿನ ಪಿಟಿಒ ಹಾಕಿದ ತಕ್ಷಣ ಮತ್ತೊಂದು ಬೋಲ್ಟ್ ಹೋಗುತ್ತದೆ. ಹಿಂದಿನ ಸಲ ಗ್ರೀಸ್ ಹೊಡೆದ ಮೇಲೆ ಇವತ್ತಿಗೆ ಒಟ್ಟು ಎಂಟು ಗಂಟೆಯ ಓಟ ಆಗಿತ್ತು. ಚಾವಿ ಜೇಬಿನಲ್ಲೇ ಇಟ್ಟುಕೊಂಡು ಜಾಯಿಂಟುಗಳಿಗೆ, ಜಾರುವ ಕೊಳವೆಗೆ, ಕವಚದ ಬೇರಿಂಗಿಗೆ ಗ್ರೀಸ್ ಹೊಡೆದೆ. ಚೈನಿನ ಬಿಗಿ ನೋಡಿದೆ. ಗೇರ್‌ಬಾಕ್ಸಿನ ಎಣ್ಣೆ ಗುರುತಿನ ತನಕ ಇದೆ. ಅಡಿಯ ಕೆರೆಯುವ ಪಟ್ಟಿ ಸವೆದಿದೆ, ಈ ಚಳಿಗಾಲಕ್ಕೆ ಸಾಕು. ಅದನ್ನು ಬದಲಿಸುವಾಗ ಬ್ಲೋವರ್ ಎತ್ತಿ ಕೆಳಗೆ ದಪ್ಪ ಮರದ ದಿಮ್ಮಿ ಕೊಡಬೇಕು. ಬರೀ ಹೈಡ್ರಾಲಿಕ್ ನಂಬಿ ಅದರ ಕೆಳಗೆ ಕೈ ಹಾಕುವ ಮಾತೇ ಇಲ್ಲ.

ರಾತ್ರಿ ಅಪ್ಪ ಫೋನ್ ಮಾಡಿದರು. ಅಲ್ಲಿ ಸೋಮವಾರ ಬೆಳಗಾಗಿತ್ತು. ಮಂಗಳವಾರದ ಸಂಕ್ರಾಂತಿಗೆ ಅವ್ವ ಮಾಡಿದ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಇನ್ನೂ ಉಳಿದಿದೆಯಂತೆ. ಬೋಲ್ಟ್ ಮುರಿದದ್ದು ಹೇಳಿದೆ. ಅವರು ಬೋಲ್ಟಿನ ವಿಷಯ ಕೇಳಲೇ ಇಲ್ಲ.

"ಇಳಿಯೋಮುಂದ ಚಾವಿ ಎಲ್ಲಿತ್ತವ್ವಾ?"

"ಜೇಬಿನಾಗ ಅಪ್ಪಾ."

"ಜಡಿ?"

"ಕೋಟಿನ ಒಳಗ."

"ಹಂಗಾರ ಊಟ ಮಾಡು," ಅಂದರು.

ನಾಳೆ ಮತ್ತೆ ಆರು ಇಂಚು ಅಂತ ಹೇಳಿದ್ದಾರೆ. ಬ್ಲಾಕ್ ಹೀಟರ್ ಪ್ಲಗ್ ಹಾಕಿ ಬಂದೆ. ಡಬ್ಬಿಯಲ್ಲಿ ಇನ್ನು ಒಂಬತ್ತು ಬೋಲ್ಟ್ ಇವೆ.