ನಲವತ್ತೆರಡು ಪಂದ್ಯಗಳ ಮೆಟ್ಟಿಲು: ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಕ್ಷೆ ಎಲ್ಲಿಯವರೆಗೆ ಬಂತು

ಮೊದಲ ವಾರ

1977ರ ನವೆಂಬರ್ 26ರಿಂದ ಮೊದಲುಗೊಂಡು 1978ರ ಡಿಸೆಂಬರ್ 9ರಂದು ಲಿವರ್‌ಪೂಲ್‌ನ ಆನ್‌ಫೀಲ್ಡ್ ಅಂಗಳದಲ್ಲಿ ಸೋಲುವವರೆಗೆ, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಫುಟ್‌ಬಾಲ್ ತಂಡ ಇಂಗ್ಲೆಂಡಿನಲ್ಲಿ ಅಂದು ಎಲ್ಲಕ್ಕಿಂತ ಮೇಲಿನ ದರ್ಜೆಯಾಗಿದ್ದ ಮೊದಲ ಡಿವಿಷನ್ ಲೀಗಿನಲ್ಲಿ ಸತತವಾಗಿ 42 ಪಂದ್ಯಗಳನ್ನು ಸೋಲದೆ ಆಡಿತು. ಆ ಪಂದ್ಯಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಕೈಯಿಂದ ಬರೆದು ಗೋಡೆಗೆ ಹಾಕಬೇಕೆಂಬುದು ನನ್ನ ಬಹುಕಾಲದ ಆಸೆ. ಈ ವಾರ ಅದಕ್ಕೆ ಕೈ ಹಾಕಿದ್ದೇನೆ.

ಅಳತೆಯನ್ನು ಗೊತ್ತುಮಾಡಲು ಎರಡು ಸಂಜೆ ಹಿಡಿದವು. ಒಂದು ಪಂದ್ಯಕ್ಕೆ ಎರಡು ಸೆಂಟಿಮೀಟರ್ ಅಗಲ, ಒಂದು ಅಂಕಕ್ಕೆ ಒಂದು ಸೆಂಟಿಮೀಟರ್ ಎತ್ತರ ಎಂದು ಕೊನೆಗೆ ತೀರ್ಮಾನಿಸಿದೆ. ಪಂದ್ಯದಿಂದ ಪಂದ್ಯಕ್ಕೆ ಅಂಕಗಳನ್ನು ಕೂಡಿಸುತ್ತ ಹೋದಂತೆ ನಕ್ಷೆ ಮೆಟ್ಟಿಲಿನಂತೆ ಏರುತ್ತದೆ. ಆ ಕಾಲದ ಲೀಗಿನಲ್ಲಿ ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು. ಹಾಗಾಗಿ 42 ಪಂದ್ಯಗಳಿಗೆ ಅಗಲವೂ 84 ಸೆಂಟಿಮೀಟರ್, ಎಲ್ಲವನ್ನೂ ಗೆದ್ದಿದ್ದರೆ ಎತ್ತರವೂ 84 ಸೆಂಟಿಮೀಟರ್ ಆಗಿ ನಕ್ಷೆ ಸರಿಯಾದ ಚೌಕವಾಗುತ್ತದೆ. ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಪೆನ್ಸಿಲಿನಲ್ಲಿ ತೆಳುವಾಗಿ ಒಂದು ಕರ್ಣ ಎಳೆದಿದ್ದೇನೆ. ಫಾರೆಸ್ಟ್ ಆ ಕರ್ಣದಿಂದ ಎಲ್ಲೆಲ್ಲಿ ಎಷ್ಟೆಷ್ಟು ಕೆಳಗಿಳಿಯಿತು ಎಂಬುದನ್ನು ನೋಡುವುದೇ ಈ ಕೆಲಸದ ಉದ್ದೇಶ. ಪ್ರತಿ ಪಂದ್ಯಕ್ಕೂ ಒಂದು ಪುಟ್ಟ ಚೌಕ: ಗೆಲುವಿಗೆ ತಂಡದ ಅಂಗಿಯ ಕೆಂಪು, ಡ್ರಾಗೆ ಬೂದುಬಣ್ಣ, ಎದುರಾಳಿಯ ಅಂಗಳದಲ್ಲಿ ಆಡಿದ ಪಂದ್ಯಕ್ಕೆ ಚೌಕದೊಳಗೆ ಒಂದು ಓರೆಗೆರೆ. ಲೀಗ್ ಕಪ್, ಎಫ್‌ಎ ಕಪ್ ಮತ್ತು ಯುರೋಪಿಯನ್ ಕಪ್ ಪಂದ್ಯಗಳು ಈ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಅವುಗಳಿಗೆ ಅಂಚಿನಲ್ಲಿ ಬೇರೆ ಪಟ್ಟಿ ಇದೆ.

ಎರಡನೇ ವಾರ

ಮೊದಲ ಹಾಳೆ ಕೆಟ್ಟಿತು. ವೆಸ್ಟ್ ಬ್ರಾಮ್‌ವಿಚ್ ಎದುರಿನ 0-0ಯಿಂದ ಹಿಡಿದು ಜನವರಿ 2ರಂದು ಎವರ್ಟನ್ ಎದುರಿನ 1-1ರವರೆಗೆ ಎಂಟು ಪಂದ್ಯಗಳನ್ನು ಶಾಯಿಯಲ್ಲಿ ಬರೆದು ಮುಗಿಸಿ ಅಳೆದು ನೋಡಿದರೆ ಮೆಟ್ಟಿಲು 18 ಸೆಂಟಿಮೀಟರ್ ಏರಿತ್ತು. ಐದು ಗೆಲುವು, ಮೂರು ಡ್ರಾಗಳಿಗೆ 13 ಮಾತ್ರ ಇರಬೇಕಿತ್ತು. ಗೆಲುವಿಗೆ ಮೂರು ಅಂಕ ಕೊಡುವ ಇಂದಿನ ರೂಢಿ ಗೊತ್ತಿಲ್ಲದೆಯೇ ಕೈಗೆ ಬಂದಿತ್ತು. ಇಂಗ್ಲೆಂಡಿನಲ್ಲಿ ಆ ನಿಯಮ ಬಂದದ್ದು 1981-82ರಲ್ಲಿ. ಹಾಳೆಯನ್ನು ಬದಿಗಿಟ್ಟು ಹೊಸದರಲ್ಲಿ ಮತ್ತೆ ಆರಂಭಿಸಿದೆ.

ಆದರೆ ಕೆಟ್ಟ ಹಾಳೆಯನ್ನು ಎಸೆದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಕಟ್ಟಿತು. ಮೂರು ಅಂಕದ ಹಾಳೆಯಲ್ಲಿ ಡ್ರಾ ಎಂಬುದು ಎರಡು ಅಂಕ ಕಳೆದುಕೊಂಡ ಹಾಗೆ ಕಾಣುತ್ತದೆ. ಎರಡು ಅಂಕದ ಹಾಳೆಯಲ್ಲಿ ಅದು ಗೆಲುವಿನ ಸರಿಯರ್ಧ. ಎದುರಾಳಿಯ ಅಂಗಳಕ್ಕೆ ಹೋಗಿ ಒಂದು ಅಂಕ ತಂದು, ಟ್ರೆಂಟ್ ನದಿಯ ದಡದ ತನ್ನ ಸಿಟಿ ಗ್ರೌಂಡ್‌ನಲ್ಲಿ ಗೆದ್ದುಕೊಂಡರೆ ಆ ತಂಡ ಪಟ್ಟಿಯ ತುದಿಯಲ್ಲೇ ಇರುತ್ತಿತ್ತು. ಈ 42 ಪಂದ್ಯಗಳಲ್ಲಿ ಗೆಲುವು 21, ಡ್ರಾ 21. ಅಂದರೆ ಅರ್ಧಕ್ಕರ್ಧ ಬೂದುಬಣ್ಣ. ಇದನ್ನು ಕುಂದೆಂದು ಹೇಳುವವರನ್ನು ನಾನು ಕಂಡಿದ್ದೇನೆ. ಅಂದಿನ ಲೆಕ್ಕವನ್ನು ಅಂದಿನ ಅಳತೆಗೋಲಿನಿಂದಲೇ ಅಳೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಈ ನಕ್ಷೆ ಅದಕ್ಕಾಗಿಯೇ.

ನಾಲ್ಕನೇ ವಾರ

ಡಿಸೆಂಬರ್ ತಿಂಗಳ ಭಾಗ ಮುಗಿದಿದೆ, ಅದು ನಕ್ಷೆಯಲ್ಲೇ ಅತ್ಯಂತ ಕಡಿದಾದ ಏರುಗಳಲ್ಲಿ ಒಂದು. 17ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 4-0. 26ರಂದು ಲಿವರ್‌ಪೂಲ್, 28ರಂದು ನ್ಯೂಕಾಸಲ್, 31ರಂದು ಬ್ರಿಸ್ಟಲ್ ಸಿಟಿ, ಜನವರಿ 2ರಂದು ಎವರ್ಟನ್; ಎಂಟು ದಿನಗಳಲ್ಲಿ ನಾಲ್ಕು ಪಂದ್ಯ, ಅದೂ ಪಂದ್ಯಕ್ಕೆ ಒಬ್ಬನೇ ಬದಲಿ ಆಟಗಾರನಿಗೆ ಅವಕಾಶವಿದ್ದ ಕಾಲದಲ್ಲಿ. ಆ ನಾಲ್ಕರಲ್ಲಿ ಎರಡು ಗೆಲುವು, ಎರಡು ಡ್ರಾ. ಈ ನಾಲ್ಕು ಚೌಕಗಳ ಕೆಳಗೆ ತಾರೀಖುಗಳನ್ನು ಉಳಿದವುಗಳಿಗಿಂತ ದಪ್ಪವಾಗಿ ಬರೆದಿದ್ದೇನೆ.

ನಕ್ಷೆಯ ಕೆಳಗೆ ಗೋಲ್‌ಕೀಪರುಗಳ ಪಟ್ಟಿಯೊಂದನ್ನು ಸೇರಿಸಬೇಕೆಂದು ಈ ವಾರವೇ ಹೊಳೆದದ್ದು, ಮತ್ತು ಅದಕ್ಕಾಗಿ ಇಡೀ 1977-78ರ ಲೆಕ್ಕವನ್ನು ತೆಗೆಯಬೇಕಾಯಿತು. ಆ ಸಾಲಿನ ಮೊದಲ ಐದು ಲೀಗ್ ಪಂದ್ಯಗಳಲ್ಲಿ ಗೋಲು ಕಾಯ್ದವನು ಜಾನ್ ಮಿಡಲ್ಟನ್. ತಂಡಕ್ಕೆ ಬಿದ್ದ ಗೋಲುಗಳು ಆರು. ಸೆಪ್ಟೆಂಬರಿನಲ್ಲಿ ಸ್ಟೋಕ್ ಸಿಟಿಯಿಂದ ಪೀಟರ್ ಶಿಲ್ಟನ್ ಬಂದ ಮೇಲೆ ಉಳಿದ 37 ಪಂದ್ಯಗಳಲ್ಲಿ ಬಿದ್ದದ್ದು 18. ಎರಡನೇ ಡಿವಿಷನ್ನಿನಿಂದ ಆಗಷ್ಟೇ ಮೇಲೆ ಬಂದ, ಅದೂ ಮೂರನೇ ಸ್ಥಾನ ಪಡೆದು ಬಂದ ತಂಡವೊಂದು ಒಬ್ಬ ಗೋಲ್‌ಕೀಪರನಿಗಾಗಿ ದೊಡ್ಡ ಮೊತ್ತ ಕೊಟ್ಟಿತೆಂದರೆ, ತಂಡದ ಮ್ಯಾನೇಜರ್ ಬ್ರಿಯಾನ್ ಕ್ಲಫ್ ಮತ್ತು ಅವನ ಸಹಾಯಕ ಪೀಟರ್ ಟೇಲರ್ ಇಬ್ಬರಿಗೂ ಅಂಕ ಎಲ್ಲಿಂದ ಬರುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಬರ್ಮಿಂಗ್‌ಹ್ಯಾಮ್ ಸಿಟಿಯಲ್ಲಿ ಮುಂಚೂಣಿಯಲ್ಲಿ ಗೋಲು ಹೊಡೆಯುತ್ತಿದ್ದ ಕೆನ್ನಿ ಬರ್ನ್ಸ್‌ನನ್ನು ತಂದು ಲ್ಯಾರಿ ಲಾಯ್ಡ್‌ನ ಜೊತೆ ರಕ್ಷಣೆಯ ನಡುವೆ ನಿಲ್ಲಿಸಿದ್ದೂ ಅದೇ ತಿಳಿವಳಿಕೆಯಿಂದ. ಆ ಸಾಲಿನ ಕೊನೆಗೆ ಫುಟ್‌ಬಾಲ್ ಪತ್ರಕರ್ತರು ವರ್ಷದ ಆಟಗಾರನೆಂದು ಆರಿಸಿದ್ದು ಬರ್ನ್ಸ್‌ನನ್ನೇ.

ಏಳನೇ ವಾರ

ಇಪ್ಪತ್ತಾರನೇ ಚೌಕಕ್ಕೆ ಬಂದು, 1977-78ರ ಸಾಲು ಮುಗಿದಿದೆ. ಮೆಟ್ಟಿಲಿನ ಎತ್ತರ ಸರಿಯಾಗಿ 40 ಸೆಂಟಿಮೀಟರ್: 14 ಗೆಲುವು, 12 ಡ್ರಾ. ಅದಕ್ಕೆ ಮುಂಚಿನ 16 ಪಂದ್ಯಗಳಲ್ಲಿ ಗಳಿಸಿದ್ದ 24 ಅಂಕ ಕೂಡಿಸಿದರೆ 64. ಎರಡನೇ ಸ್ಥಾನದ ಲಿವರ್‌ಪೂಲ್‌ಗಿಂತ ಏಳು ಹೆಚ್ಚು. ಲೆಕ್ಕ ತಾಳೆಯಾದ ಆ ರಾತ್ರಿ ನನಗೆ ಆದ ಸಂತೋಷವನ್ನು ಮರೆಮಾಚುವುದಿಲ್ಲ.

ಈ ಭಾಗದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಒಂದೇ ಬೂದು ಚೌಕದ ಮುಂದೆ: 1978ರ ಏಪ್ರಿಲ್ 22, ಕಾವೆಂಟ್ರಿಯ ಹೈಫೀಲ್ಡ್ ರೋಡ್, 0-0. ಚಾಂಪಿಯನ್ ಪಟ್ಟಕ್ಕೆ ಬೇಕಿದ್ದ ಒಂದು ಅಂಕ ಅಂದು ಸಿಕ್ಕಿತು, ಇನ್ನೂ ನಾಲ್ಕು ಪಂದ್ಯಗಳು ಬಾಕಿ ಇರುವಾಗಲೇ. ಮಿಕ್ ಫರ್ಗುಸನ್ ತೀರ ಹತ್ತಿರದಿಂದ ತಲೆಯಲ್ಲಿ ಹೊಡೆದ ಚೆಂಡು ಗೋಲಿನೊಳಗೆ ಹೋಯಿತೆಂದೇ ಅನಿಸುವ ಕ್ಷಣದಲ್ಲಿ ಶಿಲ್ಟನ್ ಮೈಯನ್ನು ಚಿಮ್ಮಿಸಿ, ಕೈ ಚಾಚಿ ಅದನ್ನು ಅಡ್ಡಪಟ್ಟಿಯ ಮೇಲಿನಿಂದ ಹಾಯಿಸಿಬಿಡುತ್ತಾನೆ. ಆ ತುಣುಕನ್ನು ನಿಧಾನಗತಿಯಲ್ಲಿ ಹತ್ತಾರು ಸಲ ನೋಡಿದೆ. ಗೋಲೇ ಇಲ್ಲದ ಪಂದ್ಯವೊಂದರ ಅಂಕ ಅವನ ಅಂಗೈಯಲ್ಲಿತ್ತು. ಹಾಗಾಗಿ ಈ ಒಂದು ಚೌಕಕ್ಕೆ ಮಾತ್ರ ಬೂದಿನ ಸುತ್ತ ಕೆಂಪು ಅಂಚು ಕಟ್ಟಿದ್ದೇನೆ.

ಅಂಚಿನ ಪಟ್ಟಿಯಲ್ಲಿ ಲೀಗ್ ಕಪ್ ಕೂಡ ಸೇರಿದೆ. ವೆಂಬ್ಲಿಯಲ್ಲಿ ಲಿವರ್‌ಪೂಲ್ ಎದುರು 0-0; ಓಲ್ಡ್ ಟ್ರಾಫರ್ಡ್‌ನ ಮರುಪಂದ್ಯದಲ್ಲಿ ಜಾನ್ ರಾಬರ್ಟ್‌ಸನ್‌ನ ಪೆನಾಲ್ಟಿಯಿಂದ 1-0. ಶಿಲ್ಟನ್ ಆ ಕಪ್ಪಿನಲ್ಲಿ ಆಡುವಂತಿರಲಿಲ್ಲವಾದ್ದರಿಂದ ಎರಡೂ ಪಂದ್ಯಗಳಲ್ಲಿ ಗೋಲು ಕಾಯ್ದವನು 18 ವರ್ಷದ ಕ್ರಿಸ್ ವುಡ್ಸ್, ಮತ್ತು ಅವನೂ ಒಂದೇ ಒಂದು ಗೋಲು ಬಿಡಲಿಲ್ಲ.

ಹತ್ತನೇ ವಾರ

ಎರಡನೇ ಸಾಲಿನ, ಅಂದರೆ 1978-79ರ, 16 ಪಂದ್ಯಗಳು ನಿಧಾನದ ಏರು. ಟಾಟನ್‌ಹ್ಯಾಮ್ ಪರವಾಗಿ ಅರ್ಜೆಂಟೀನಾದ ಆರ್ಡಿಲೆಸ್ ಮತ್ತು ವಿಲ್ಲಾ ಮೊದಲ ಬಾರಿ ಆಡಿದ ಆರಂಭದ ಪಂದ್ಯ 1-1, ಅದರ ಬೆನ್ನಿಗೇ ಮೂರು 0-0. ಎಂಟು ಸೆಂಟಿಮೀಟರ್ ಅಗಲಕ್ಕೆ ನಾಲ್ಕೇ ಸೆಂಟಿಮೀಟರ್ ಎತ್ತರ. ದೂರದಿಂದ ನೋಡಿದರೆ ಮೆಟ್ಟಿಲು ಅಲ್ಲಿ ಬಾಗಿದಂತೆ ಕಾಣುತ್ತದೆ. ಹಿಂದಿನ ಸಾಲಿನಲ್ಲಿ ಇಪ್ಸ್‌ವಿಚ್ ಎದುರು ಒಬ್ಬನೇ ನಾಲ್ಕು ಗೋಲು ಹೊಡೆದಿದ್ದ ಪೀಟರ್ ವಿದ್ ಆ ಆಗಸ್ಟಿನಲ್ಲೇ ನ್ಯೂಕಾಸಲ್‌ಗೆ ಹೋಗಿದ್ದ. ಆ ಜಾಗಕ್ಕೆ ಬಂದವನು ಲಾಂಗ್ ಈಟನ್ ಎಂಬ ಚಿಕ್ಕ ಕ್ಲಬ್ಬಿನಿಂದ 2,000 ಪೌಂಡಿಗೆ ಕೊಂಡಿದ್ದ ಗ್ಯಾರಿ ಬರ್ಟಲ್ಸ್. ಸೆಪ್ಟೆಂಬರಿನಲ್ಲಿ ಯುರೋಪಿಯನ್ ಕಪ್ಪಿನ ಮೊದಲ ಸುತ್ತಿನಲ್ಲಿ ಲಿವರ್‌ಪೂಲ್ ಎದುರು ಮೊದಲ ಗೋಲು ಹೊಡೆದವನೂ ಅವನೇ. ಅದು ಅಂಚಿನ ಪಟ್ಟಿಗೆ ಸೇರಿದೆ. ನವೆಂಬರ್ 29ರಂದು ಬಲಬದಿಯ ಡಿಫೆಂಡರ್ ವಿವ್ ಆ್ಯಂಡರ್ಸನ್ ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಆಡಿದ ಮೊದಲ ಕಪ್ಪುವರ್ಣೀಯ ಆಟಗಾರನಾದ ದಿನವನ್ನೂ ಅಲ್ಲೇ ಬರೆದಿದ್ದೇನೆ.

ಈಗ 42 ಚೌಕಗಳೂ ತುಂಬಿವೆ. ಕೊನೆಯ ಮೆಟ್ಟಿಲಿನ ತುದಿ 63 ಸೆಂಟಿಮೀಟರಿನಲ್ಲಿದೆ, ಕರ್ಣಕ್ಕಿಂತ 21 ಕೆಳಗೆ. 2004ರ ಆಗಸ್ಟಿನಲ್ಲಿ ಆರ್ಸೆನಲ್ ಮೀರುವವರೆಗೆ ಸೋಲದ 42 ಪಂದ್ಯಗಳ ಈ ಸಂಖ್ಯೆಯನ್ನು ಯಾರೂ ದಾಟಿರಲಿಲ್ಲ. ಬಾಕಿ ಇರುವುದು ಎರಡು ಕೆಲಸ. ಹಾಳೆಗಳ ಜೋಡಣೆಯ ಜಾಗದಲ್ಲಿ ಅಂಟು ಹೀರಿ ಕಾಗದ ಸುಕ್ಕುಗಟ್ಟಿದೆ, ಅದನ್ನು ಹಿಂದಿನಿಂದ ತೆಳು ಬಟ್ಟೆ ಹಚ್ಚಿ ಸಮಮಾಡಬೇಕು. ಇನ್ನೊಂದು, ಟೆರಿ ಮೆಕ್‌ಡರ್ಮಟ್ ಎರಡೂ ಗೋಲು ಹೊಡೆದ ಆನ್‌ಫೀಲ್ಡಿನ ಆ ಸೋಲಿಗೆ ನಕ್ಷೆಯ ದೊಡ್ಡ ಚೌಕದಾಚೆ ನಲವತ್ತಮೂರನೇ ಅಂಕಣವೊಂದನ್ನು ಸೇರಿಸಿ, ಬಣ್ಣ ತುಂಬದೆ, 63ರ ಮಟ್ಟದಲ್ಲೇ ಎರಡು ಸೆಂಟಿಮೀಟರ್ ಗೆರೆಯನ್ನು ಅಡ್ಡಲಾಗಿ ಎಳೆಯುವುದು.